ಪ್ರಯಾರಿಟಿ ಮೀಟಿಂಗ್ ಎಷ್ಟು ದಿನಕ್ಕೊಮ್ಮೆ? ಕ್ಯಾಲೆಂಡರ್ ಬಿಡಿ, ಟಿಕೆಟ್ ಎಣಿಸಿ

ಯಾವ ಕೆಲಸ ಮೊದಲು ಅಂತ ತೀರ್ಮಾನಿಸೋಕೆ ದಿನಾ ಕೂರಬೇಕಾ, ವಾರಕ್ಕೊಮ್ಮೆ ಸಾಕಾ, ಸ್ಪ್ರಿಂಟಿಗೊಮ್ಮೆ (ಕೆಲವು ವಾರದ ಕೆಲಸದ ಸುತ್ತಿಗೊಮ್ಮೆ) ನಡೆಯುತ್ತಾ? ಸಾಫ್ಟ್‌ವೇರ್ ತಂಡಗಳಲ್ಲಿ ಈ ಚರ್ಚೆ ಮುಗಿಯೋದೇ ಇಲ್ಲ. ಉತ್ತರ ಇರೋದು ಕೆಲಸಗಳನ್ನು ಕಾಲಂಗಳಲ್ಲಿ ಜೋಡಿಸಿಟ್ಟ ನಿಮ್ಮ ಬೋರ್ಡಿನಲ್ಲೇ.

ಕಳೆದ ಎಂಟು ವಾರದಲ್ಲಿ ವಾರಕ್ಕೆ ಎಷ್ಟು ಟಿಕೆಟ್ (ಬೋರ್ಡಿನ ಒಂದೊಂದು ಕೆಲಸ) ನಿಜವಾಗಿ ಮುಗಿದು ಪ್ರೊಡಕ್ಷನ್‌ಗೆ, ಅಂದರೆ ಬಳಕೆದಾರರ ಕೈಗೆ, ಹೋಯಿತು ಅಂತ ನೋಡಿ. ಸರಾಸರಿ 5, ಒಳ್ಳೆ ವಾರದಲ್ಲಿ 7 ಅಂತಿಟ್ಟುಕೊಳ್ಳಿ. ಹಾಗಿದ್ದರೆ ವಾರಕ್ಕೊಮ್ಮೆ ಕೂತು 'ಮುಂದಿನದು' ಕಾಲಂನಲ್ಲಿ 7 ಟಿಕೆಟ್ ತುಂಬಿಸಿದರೆ ಸಾಕು. ಉಳಿದದ್ದನ್ನು ಮುಟ್ಟಬೇಡಿ. 60ನೇ ಟಿಕೆಟ್‌ನ ಸರದಿ ಬರುವುದು 12 ವಾರದ ಮೇಲೆ. ಅಷ್ಟರಲ್ಲಿ ಅದನ್ನು ಕೇಳಿದವರೇ ಮರೆತಿರುತ್ತಾರೆ. ಅದು ಮೊದಲೋ 61 ಮೊದಲೋ ಅಂತ ಎಂಟು ಜನ ಒಂದು ಗಂಟೆ ಜಗ್ಗಾಡಿದರೆ ಒಬ್ಬರ ಇಡೀ ದಿನದ ದುಡಿಮೆ ಹೋಯಿತು.

ಗುರುವಾರಕ್ಕೇ ಕಾಲಂ ಖಾಲಿಯಾಗ್ತಿದೆಯಾ? ಮೊದಲು ಕಾಲಂನ ಏಳರ ಮಿತಿಯನ್ನು ಒಂದೆರಡು ಹೆಚ್ಚಿಸಿ. ಆಗಲೂ ಸಾಲದಿದ್ದರೆ ವಾರಕ್ಕೆರಡು ಸಲ ಕೂರಿ. ಮುಂದಿನ ಮೀಟಿಂಗ್‌ಗೆ ಏಳರಲ್ಲಿ ನಾಲ್ಕು ಹಾಗೇ ಕೂತಿವೆ ಅಂದರೆ ಕೆಲಸ ಬೇರೆಲ್ಲೋ ಕಟ್ಟಿಕೊಂಡಿದೆ, ಬಹಳ ಸಲ ಟೆಸ್ಟಿಂಗ್‌ನಲ್ಲಿ. ಅದನ್ನು ಮೀಟಿಂಗ್ ಬಿಡಿಸೋದಿಲ್ಲ.

ವಾರಕ್ಕೊಮ್ಮೆ ಕೂತು ಖಾಲಿ ಜಾಗ ಮಾತ್ರ ತುಂಬಿಸುವ ಈ ಪದ್ಧತಿಗೆ ಹೆಸರಾಂತ ಉದಾಹರಣೆ ನಮ್ಮ ಪಕ್ಕದ ಹೈದರಾಬಾದಿನದ್ದೇ. 2004ರಲ್ಲಿ ಮೈಕ್ರೋಸಾಫ್ಟಿನ ಆಂತರಿಕ ಸಾಫ್ಟ್‌ವೇರ್‌ಗಳ ದುರಸ್ತಿ, ಬದಲಾವಣೆ ನೋಡಿಕೊಳ್ಳುವ ತಂಡ ಅಲ್ಲಿತ್ತು. ಒಂದು ಬದಲಾವಣೆ ಕೇಳಿದರೆ ಐದು ತಿಂಗಳು ಕಾಯಬೇಕಿತ್ತು. ಬಂದ ಪ್ರತಿ ಕೋರಿಕೆಗೂ ಎಸ್ಟಿಮೇಟ್ ಕೊಡುವುದರಲ್ಲೇ ತಂಡದ ಮೂರನೇ ಒಂದು ಭಾಗ ಸಮಯ ಕರಗುತ್ತಿತ್ತು. ಎಸ್ಟಿಮೇಟ್ ಆದ ಎಷ್ಟೋ ಕೆಲಸಗಳು ಶುರುವಾಗುತ್ತಲೇ ಇರಲಿಲ್ಲ. ತಂಡದ ಹೊಣೆ ಹೊತ್ತ ಮ್ಯಾನೇಜರ್ ಡ್ರಾಗೋಸ್ ಡುಮಿಟ್ರಿಯು, ಅವರಿಗೆ ಸಲಹೆ ಕೊಟ್ಟ ಡೇವಿಡ್ ಆಂಡರ್ಸನ್ ಇಬ್ಬರೂ ಸೇರಿ ಎಸ್ಟಿಮೇಟ್ ನಿಲ್ಲಿಸಿದರು, ಕೈಯಲ್ಲಿರುವ ಕೆಲಸಕ್ಕೆ ಮಿತಿ ಹಾಕಿದರು, ತಿಂಗಳಿಗೊಮ್ಮೆ ಇದ್ದ ಆದ್ಯತೆ ಚರ್ಚೆಯನ್ನು ವಾರಕ್ಕೆ ತಂದರು. ಅಲ್ಲಿಗೆ ಪ್ರಶ್ನೆಯೇ ಬದಲಾಯಿತು: ಈ ವಾರ ಖಾಲಿಯಾದ ಜಾಗಕ್ಕೆ ಯಾವುದು? ಕಾಯುವ ಕಾಲ ವಾರಗಳಿಗೆ ಇಳಿಯಿತು.

ತುರ್ತು ಕೆಲಸದ ದಾರಿಯೇ ಬೇರೆ. ಪೇಮೆಂಟ್ ನಿಂತಿದೆ, ಡೇಟಾ ಹಾಳಾಗ್ತಿದೆ, ಸೆಕ್ಯೂರಿಟಿ ತೂತು ಬಿದ್ದಿದೆ: ಇಂಥದ್ದು ಮೀಟಿಂಗ್‌ಗೆ ಕಾಯಬಾರದು. ಆನ್‌ಕಾಲ್ (ತುರ್ತು ಕೆಲಸ ನೋಡಿಕೊಳ್ಳುವ ಪಾಳಿಯಲ್ಲಿ) ಇರುವವರು ಬೆಳಿಗ್ಗೆ ಹದಿನೈದು ನಿಮಿಷ ಹೊಸ ಟಿಕೆಟ್ ಮೇಲೆ ಕಣ್ಣಾಡಿಸಿ, ಇವನ್ನು ಮಾತ್ರ ಎತ್ತಿಕೊಳ್ಳಲಿ. ಒಂದು ಹೊತ್ತಿಗೆ ಒಂದೇ. ಎರಡನೆಯದು ಬಂದರೆ ಮೊದಲನೆಯದು ನಿಜಕ್ಕೂ ಪಿ1 (ಎಲ್ಲಕ್ಕಿಂತ ಮೇಲಿನ ಆದ್ಯತೆ) ಹೌದಾ ಅಂತ ಕೇಳಿ, ಅರ್ಧದಷ್ಟು ಸಲ ಅಲ್ಲಿಗೇ ಇತ್ಯರ್ಥ. (ಬಟನ್ ಬಣ್ಣ ಬದಲಿಸೋದು ಪಿ1 ಅಲ್ಲ, ಯಾರೇ ಹೇಳಿರಲಿ.)

ಶುರುವಾದ ಟಿಕೆಟ್‌ನ ಆದ್ಯತೆ ಬದಲಿಸೋದು ಇನ್ನೂ ದುಬಾರಿ. ಮುಕ್ಕಾಲು ಮುಗಿದ ಬ್ರಾಂಚ್ (ಆ ಕೆಲಸಕ್ಕೆಂದೇ ತೆಗೆದ ಕೋಡ್ ಪ್ರತಿ) ಹತ್ತು ದಿನ ಮೂಲೆಗೆ ಬಿದ್ದರೆ ಅಷ್ಟರಲ್ಲಿ ಮೇನ್, ಅಂದರೆ ಎಲ್ಲರ ಕೆಲಸ ಸೇರುವ ಮೂಲ ಪ್ರತಿ, ಮುಂದೆ ಓಡಿರುತ್ತೆ. ಎರಡನ್ನೂ ಸೇರಿಸುವಾಗ ಬರುವ ಮರ್ಜ್ ಕಾನ್‌ಫ್ಲಿಕ್ಟ್ ಬಿಡಿಸಿ, ಟೆಸ್ಟ್ ಮತ್ತೆ ಓಡಿಸಿ, "ಈ ಕಂಡೀಶನ್ ಯಾಕೆ ಹಾಕಿದ್ದೆ" ಅಂತ ನೆನಪಿಸಿಕೊಳ್ಳೋದಕ್ಕೇ ಅರ್ಧ ದಿನ. ಹಾಗಾಗಿ ವಾರದ ಮಧ್ಯೆ 'ಮುಂದಿನದು' ಕಾಲಂನಲ್ಲಿ ಅದಲು ಬದಲು ಮಾಡಿಕೊಳ್ಳಿ, 'ನಡೀತಿದೆ' ಕಾಲಂಗೆ ಕೈ ಹಾಕಬೇಡಿ.

ಮೀಟಿಂಗ್ ಇಪ್ಪತ್ತು ನಿಮಿಷ. "ಇದು ಈ ವಾರ ಬೇಡ" ಅನ್ನುವ ಅಧಿಕಾರ ಇರುವವರು ಅಲ್ಲಿರಲೇಬೇಕು. ಅವರು ಬರದಿದ್ದರೆ ಮುಂದೂಡಿ. ಅವರ ಮನಸ್ಸಲ್ಲಿ ಏನಿದೆ ಅಂತ ಊಹಿಸಿ ಜೋಡಿಸಿದ್ದು ಸಂಜೆಯೊಳಗೆ ವಾಟ್ಸಾಪ್‌ನಲ್ಲಿ ಬುಡಮೇಲಾಗಿರುತ್ತೆ.