ಆಕಾಶದಲ್ಲಿ ಹಾರ್ಟು, ಅಂಗಡಿಗೆ ಬೀಗ

2023ರ ನವೆಂಬರ್ 19ರಂದು ಅಹಮದಾಬಾದಿನ ಕ್ರಿಕೆಟ್ ಸ್ಟೇಡಿಯಂ ಮೇಲೆ ಆಕಾಶದಲ್ಲಿ ಕಸರತ್ತು ತೋರಿಸುವ ವಾಯುಪಡೆಯ ಸೂರ್ಯಕಿರಣ ತಂಡದ ಒಂಬತ್ತು ವಿಮಾನಗಳು ಹಾರಿದವು. ವಿಶ್ವಕಪ್ ಫೈನಲ್ ಅಲ್ವಾ, ಸುಮ್ನೆ ಟಾಸ್ ಹಾಕಿ ಆಟ ಶುರು ಮಾಡೋಕಾಗುತ್ತಾ? ಜನ ಕತ್ತೆತ್ತಿ ನೋಡಿದರು, ಕೂಗಿದರು, ರೋಮಾಂಚನಗೊಂಡರು. ಆಮೇಲೆ ನಾವು 240ಕ್ಕೆ ಆಲೌಟ್ ಆದೆವು. ಆಸ್ಟ್ರೇಲಿಯಾದವರು ಒಂದೂ ವಿಮಾನ ತಂದಿರಲಿಲ್ಲ. ಕಪ್ ಮಾತ್ರ ತಗೊಂಡು ಹೋದರು.

ವಿಮಾನಕ್ಕೂ ಸೋಲಿಗೂ ಸಂಬಂಧ ಇಲ್ಲ ಬಿಡಿ. ಆದರೆ ಅವತ್ತು ಗೆದ್ದಿದ್ದರೆ? ಸಂಬಂಧ ಇದೆ ಅಂತ ಮಾರನೇ ದಿನವೇ ವಾಟ್ಸಾಪಿನಲ್ಲಿ ಸಾಬೀತಾಗುತ್ತಿತ್ತು.

ಇಂಥ ತಂಡ ಸಾಕೋದು ದುಡ್ಡಿಗೆ ದಂಡವಲ್ಲವೇ ಎಂದು ಯಾರಾದರೂ ಕೇಳಿದರೆ ಎರಡು ಉತ್ತರ ತಯಾರಿರುತ್ತವೆ. ಒಂದು, ನೀನು ದೇಶದ್ರೋಹಿ. ಇನ್ನೊಂದು ಸ್ವಲ್ಪ ಮರ್ಯಾದೆಯದ್ದು: 2025-26ರ ರಕ್ಷಣಾ ಬಜೆಟ್ಟೇ 6.81 ಲಕ್ಷ ಕೋಟಿ ರೂಪಾಯಿ, ಅದರ ಮುಂದೆ ಈ ಹೊಗೆಯ ಖರ್ಚು ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಎರಡನೆಯದನ್ನು ನಾನು ಒಪ್ಪುತ್ತೇನೆ. ವಾಯುಪಡೆ ತನ್ನ ದುಡ್ಡಲ್ಲಿ ಡೀಸೆಲ್‌ಗೆ ಬಣ್ಣ ಬೆರೆಸಿ, ಇಂಜಿನ್ ಹಿಂದಿನ ಬಿಸಿಗಾಳಿಗೆ ಬಿಟ್ಟು, ಆಕಾಶದಲ್ಲಿ ಹಾರ್ಟು ಬರೆದು ಅದಕ್ಕೊಂದು ಬಾಣ ಹೊಡೆದರೆ ನನ್ನ ತಕರಾರಿಲ್ಲ. ಆದರೆ ಈ ಶೋಗೆ ಇನ್ನೂ ಒಂದು ಬಿಲ್ ಇದೆ. ಅದು ರಕ್ಷಣಾ ಬಜೆಟ್ಟಿನ ಯಾವ ಪುಟದಲ್ಲೂ ಇಲ್ಲ. ಅದು ಹೋಗುವುದು ಯಲಹಂಕದ ಮಟನ್ ಅಂಗಡಿಗೆ.

ಬೆಂಗಳೂರಿನವರಿಗೆ ಇದು ಗೊತ್ತಿರುವ ಕಥೆ. ಯಲಹಂಕದ ವಾಯುನೆಲೆಯಲ್ಲಿ ಎರಡು ವರ್ಷಕ್ಕೊಮ್ಮೆ ಏರೋ ಇಂಡಿಯಾ ಅನ್ನುವ ವಿಮಾನ ಪ್ರದರ್ಶನ ನಡೆಯುತ್ತದೆ, ಸೂರ್ಯಕಿರಣ ಅಲ್ಲೂ ಹಾರುತ್ತದೆ. 2025ರಲ್ಲಿ ಫೆಬ್ರವರಿ 10ರಿಂದ 14ರವರೆಗೆ, ಅಂದರೆ ಐದು ದಿನ. ಅದಕ್ಕೆ ಬಿಬಿಎಂಪಿ ಮಾಂಸದ ಅಂಗಡಿ ಮುಚ್ಚಿಸಿದ್ದು ಜನವರಿ 23ರಿಂದ ಫೆಬ್ರವರಿ 17ರವರೆಗೆ. ಬೆರಳು ಮಡಚಿ ಎಣಿಸಿ ನೋಡಿ, 26 ದಿನ. ವಾಯುನೆಲೆಯಿಂದ 13 ಕಿಲೋಮೀಟರ್ ಒಳಗೆ ಕುರಿ, ಕೋಳಿ, ಮೀನು ಏನೂ ಮಾರುವ ಹಾಗಿಲ್ಲ. ಬಿರಿಯಾನಿ ಹೋಟೆಲ್‌ಗೂ ಬೀಗ. 2023ರಲ್ಲಿ ಇದೇ ದೂರ 10 ಕಿಲೋಮೀಟರ್ ಇತ್ತು. ಎರಡು ವರ್ಷದಲ್ಲಿ ದೇಶದ ಆರ್ಥಿಕತೆ ಎಷ್ಟು ಬೆಳೆಯಿತೋ ಬಿಟ್ಟಿತೋ, ನಿಷೇಧ ಮಾತ್ರ 3 ಕಿಲೋಮೀಟರ್ ಬೆಳೆಯಿತು. 13 ಕಿಲೋಮೀಟರ್ ಅಂದರೆ ಆ ಕಡೆ ಹೆಬ್ಬಾಳ ದಾಟುತ್ತದೆ. ವೃತ್ತದ ಲೆಕ್ಕ ಹಾಕಿದರೆ ಸುಮಾರು 530 ಚದರ ಕಿಲೋಮೀಟರ್.

ಕಾರಣ ಏನಪ್ಪಾ ಅಂದರೆ ಹದ್ದು. ಮಾಂಸದ ಅಂಗಡಿಯವರು ಚರ್ಮ, ಕರುಳು, ಕೋಳಿ ಪುಕ್ಕ ಎಲ್ಲಾ ಬಯಲಲ್ಲಿ ಎಸೆಯುತ್ತಾರೆ, ಅದಕ್ಕೆ ಹದ್ದುಗಳು ಬರುತ್ತವೆ, ಹದ್ದು ವಿಮಾನಕ್ಕೆ ಬಡಿದರೆ ಕಥೆ ಮುಗಿಯಿತು. ಇದು ಸುಳ್ಳಲ್ಲ. ಜೆಟ್ ಇಂಜಿನ್ನಿಗೆ ಹದ್ದು ನುಗ್ಗಿದರೆ ಪೈಲಟ್ ಪ್ರಾಣಕ್ಕೇ ಕುತ್ತು. 1937ರ ವಿಮಾನ ನಿಯಮಗಳಲ್ಲೂ ವಾಯುನೆಲೆ ಹತ್ತಿರ ಪ್ರಾಣಿ ಕಡಿದು ಕಸ ಎಸೆಯಬಾರದು ಅಂತ ಇದೆ.

ಹಾಗಾದರೆ ಸಮಸ್ಯೆ ಇರುವುದು ಕಸದಲ್ಲಿ. ಮಾಂಸ ಮಾರುವುದರಲ್ಲಿ ಅಲ್ಲ, ಮಾರಿದ ಮೇಲೆ ಉಳಿದದ್ದನ್ನು ಎತ್ತದೇ ಇರುವುದರಲ್ಲಿ. ಎತ್ತಬೇಕಾದವರು ಯಾರು? ಆದೇಶ ಹೊರಡಿಸಿದವರೇ. ಕಸ ಎತ್ತುವುದಕ್ಕೆ ಲಾರಿ ಬೇಕು, ಜನ ಬೇಕು, ಕಂಟ್ರಾಕ್ಟರ್ ಬೇಕು, ಕಂಟ್ರಾಕ್ಟರಿಗೆ ಬಾಕಿ ದುಡ್ಡು ಕೊಡಬೇಕು. ಅಂಗಡಿ ಮುಚ್ಚಿಸುವುದಕ್ಕೆ ಒಂದು ಹಾಳೆ, ಒಂದು ಸೀಲು ಸಾಕು. ಹದ್ದಿಗೆ ಇವರು ಹೇಳುವುದು ಇಷ್ಟೇ: ನಮ್ಮ ಕೈಲಿ ಕಸ ಎತ್ತೋಕಾಗಲ್ಲಪ್ಪಾ, ನೀನೇ ದೊಡ್ಡ ಮನಸ್ಸು ಮಾಡಿ ಒಂದು ತಿಂಗಳು ಉಪವಾಸ ಇರು.

ಹದ್ದು ಉಪವಾಸ ಇದ್ದಿರಲಾರದು. ಬೆಂಗಳೂರಿನಲ್ಲಿ ಅದಕ್ಕೆ ಊಟಕ್ಕೇನು ಬರ, ಖಾಲಿ ಸೈಟುಗಳೆಲ್ಲ ಬಫೆ. ಉಪವಾಸ ಬಿದ್ದವರು ಅಂಗಡಿಯ ಹುಡುಗರು. ಕೋಳಿ ಅಂಗಡಿಯಲ್ಲಿ ದಿನಗೂಲಿಗೆ ನಿಂತವನಿಗೆ 26 ದಿನ ಅಂದರೆ ಒಂದು ತಿಂಗಳ ಸಂಪಾದನೆ ಹೋಯಿತು. ಅವನ ಬಾಡಿಗೆ, ಮಕ್ಕಳ ಫೀಸು, ಚೀಟಿ ದುಡ್ಡು ಯಾವುದಕ್ಕೂ ಏರೋ ಇಂಡಿಯಾ ರಜೆ ಕೊಡುವುದಿಲ್ಲ. ನನ್ನನ್ನು ಕೇಳಿದರೆ ಸೂರ್ಯಕಿರಣದ ನಿಜವಾದ ಪ್ರಾಯೋಜಕರು ಇವರು. ವಿಮಾನದ ಬಾಲದ ಮೇಲೆ ಯಲಹಂಕ ಚಿಕನ್ ಸೆಂಟರ್ ಅಂತ ಬರೆಸುವುದು ನ್ಯಾಯ.

ಮುಂದಿನ ಸಲ ಇನ್ನೂ ಮಜಾ ಇದೆ. ಬಿಬಿಎಂಪಿ ಹೋಗಿ ಈಗ ಐದು ಪಾಲಿಕೆ ಬಂದಿವೆ. ಒಂದೇ ಹದ್ದು ಎರಡು ಪಾಲಿಕೆಯ ಗಡಿ ದಾಟಿ ಹಾರಿದರೆ ನೋಟಿಸ್ ಯಾರು ಕೊಡಬೇಕು?

ಇನ್ನು ಟಿಕೆಟ್ಟಿನ ವಿಚಾರ. ಹಾರಾಟ ನೋಡುವ ಜಾಗಕ್ಕೆ 2025ರಲ್ಲಿ 1,000 ರೂಪಾಯಿ. ಪಾಪ, ಕೊಟ್ಟವರು ಬೆಳಗ್ಗೆ ಬೇಗ ಹೊರಟು, ಬಳ್ಳಾರಿ ರಸ್ತೆಯ ಟ್ರಾಫಿಕ್ಕಿನಲ್ಲಿ ಕೂತು, ಎಲ್ಲೋ ದೂರದಲ್ಲಿ ಗಾಡಿ ನಿಲ್ಲಿಸಿ, ನೆರಳಿಲ್ಲದ ಬಯಲಲ್ಲಿ ಟೋಪಿ ಹಾಕಿಕೊಂಡು ನಿಲ್ಲುತ್ತಾರೆ. ಅದೇ ಹೊತ್ತಿಗೆ ಫ್ಲೈಓವರ್ ಮೇಲೆ ಬೈಕ್ ನಿಲ್ಲಿಸಿದವನು ಅದೇ ವಿಮಾನವನ್ನು ಪುಕ್ಕಟೆ ನೋಡುತ್ತಾನೆ. ಹೆಲ್ಮೆಟ್ ಕನ್ನಡಿ ಮೇಲೆತ್ತಿ, ಒಂದು ಕಾಲು ನೆಲಕ್ಕೆ ಊರಿ, ಮೊಬೈಲ್ ಹಿಡಿದಿರುತ್ತಾನೆ. ಹಿಂದೆ ಕೂತ ಮಗು "ಎಲ್ಲಪ್ಪಾ, ಎಲ್ಲಪ್ಪಾ" ಅನ್ನುತ್ತದೆ. ಅಪ್ಪ ಎಡಕ್ಕೆ ತೋರಿಸುವಷ್ಟರಲ್ಲಿ ಒಂಬತ್ತೂ ವಿಮಾನ ಬಲಗಡೆಯಿಂದ ತಲೆ ಮೇಲೆ ಹಾದು ಜಾಲಹಳ್ಳಿ ಕಡೆ ಹೋಗಿರುತ್ತವೆ. ಶಬ್ದ ಆಮೇಲೆ ಬರುತ್ತದೆ. ಪೊಲೀಸಪ್ಪ ಸೀಟಿ ಊದುತ್ತಾ ಬರುತ್ತಾನೆ, "ಹೋಗ್ರೀ, ಹೋಗ್ರೀ" ಅನ್ನುತ್ತಾನೆ, ಅಷ್ಟರಲ್ಲಿ ವಿಮಾನಗಳು ತಿರುಗಿ ಬರುತ್ತವೆ, ಅವನೂ ಸೀಟಿ ಬಾಯಲ್ಲೇ ಇಟ್ಟುಕೊಂಡು ಮೇಲೆ ನೋಡುತ್ತಾನೆ. ಸಂಜೆ ಮನೆಗೆ ಹೋಗಿ ವಿಡಿಯೋ ಹಾಕಿದರೆ ಮೂರು ನಿಮಿಷ ಬರೀ ನೀಲಿ ಆಕಾಶ, ಮಧ್ಯೆ ಒಂದು ಚುಕ್ಕೆ. ಅದು ಸೂರ್ಯಕಿರಣವೋ ಆ ಉಪವಾಸದ ಹದ್ದೋ ಹೇಳಲಾಗುವುದಿಲ್ಲ.

ಇಷ್ಟೆಲ್ಲಾ ಬೈಯುವ ನಮ್ಮ ಬೆಂಗಳೂರಿನವರ ಬಣ್ಣ 2018ರಲ್ಲಿ ಬಯಲಾಯಿತು. ಏರೋ ಇಂಡಿಯಾ ಲಕ್ನೋಗೆ ಹೋಗುತ್ತಂತೆ ಅಂತ ಸುದ್ದಿ ಬಂತು. ವರ್ಷಗಟ್ಟಲೆ ಟ್ರಾಫಿಕ್ಕಿಗೆ ಶಾಪ ಹಾಕಿದವರೆಲ್ಲ ಒಂದೇ ಸಲ ಎದ್ದು ನಿಂತು "ಅದು ನಮ್ಮದು" ಎಂದರು. ಎಲ್ಲಾ ಪಕ್ಷದವರೂ ಒಗ್ಗಟ್ಟಾಗಿದ್ದರು, ಕಾವೇರಿ ಬಿಟ್ಟರೆ ಅಂಥ ಒಗ್ಗಟ್ಟು ಕಂಡಿದ್ದು ಕಮ್ಮಿ. ಕೊನೆಗೆ ಇಲ್ಲೇ ಉಳಿಯಿತು.

ತಂಡದ ಪರವಾಗಿ ಹೇಳುವ ದೊಡ್ಡ ವಾದ ಒಂದಿದೆ: ಇದನ್ನು ನೋಡಿ ಯುವಕರು ವಾಯುಪಡೆ ಸೇರುತ್ತಾರೆ. ಸೈನ್ಯಕ್ಕೆ ಹುಡುಗರು ಸಿಗದ ದೇಶಗಳಲ್ಲಿ ಈ ಮಾತು ನಿಜ ಇರಬಹುದು. ನಮ್ಮಲ್ಲಿ 2022ರಲ್ಲಿ ಅಗ್ನಿವೀರ ವಾಯು ಕೆಲಸಕ್ಕೆ ಬಂದ ಅರ್ಜಿ 7,49,899. ಕೆಲಸ ಇದ್ದದ್ದು ಸುಮಾರು 3,000. ಅದೂ ನಾಲ್ಕು ವರ್ಷದ ಕೆಲಸ. ಇಂಥ ಕಡೆ ಜಾಹೀರಾತು ಯಾಕೆ ಸ್ವಾಮಿ? ಅರ್ಜಿ ಹಾಕಿದ ಹುಡುಗರು ಆಕಾಶ ನೋಡಿ ಬಂದವರಲ್ಲ. ಮನೆಯ ಪರಿಸ್ಥಿತಿ ನೋಡಿ ಬಂದವರು.

ಇನ್ನೊಂದು ವಾದ, ವಿದೇಶದಲ್ಲಿ ನಮ್ಮ ಮಾನ ಹೆಚ್ಚುತ್ತದೆ, ಸ್ನೇಹ ಬೆಳೆಯುತ್ತದೆ. ಬೆಳೆಯಲಿ. 2008ರಲ್ಲಿ ಸೂರ್ಯಕಿರಣ ಚೀನಾದ ಝುಹೈಗೂ ಹೋಗಿ ಹಾರಿ ಬಂತು. ಆಮೇಲೆ ಗಡಿಯಲ್ಲಿ ಏನೇನಾಯಿತು ಅನ್ನೋದು ನಿಮಗೆ ಗೊತ್ತೇ ಇದೆ.

ಈ ತಂಡ ಎಷ್ಟು ಬೆಲೆ ಬಾಳುತ್ತದೆ ಎಂಬ ಪ್ರಶ್ನೆಗೆ ನಾನು ನೀವು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಸ್ವತಃ ವಾಯುಪಡೆಯೇ 2011ರಲ್ಲಿ ಉತ್ತರ ಕೊಟ್ಟಿದೆ. ಆಗ ಪೈಲಟ್ ಆಗಲು ಬಂದ ಹುಡುಗರಿಗೆ ಮೊದಲ ಪಾಠ ಹೇಳಿಕೊಡುವ ಎಚ್‌ಪಿಟಿ-32 ವಿಮಾನಗಳನ್ನು 2009ರಲ್ಲೇ ಮೂಲೆಗೆ ಹಾಕಿದ್ದರು. ಕಲಿಸೋಕೆ ವಿಮಾನ ಸಾಲುತ್ತಿರಲಿಲ್ಲ. ಸೂರ್ಯಕಿರಣದ ಹತ್ತಿರ ನಮ್ಮ ಎಚ್‌ಎಎಲ್ ಮಾಡಿದ ಕಿರಣ್ ವಿಮಾನಗಳಿದ್ದವು. ಏರೋ ಇಂಡಿಯಾ ಮುಗಿದದ್ದೇ ತಡ, ತಂಡವನ್ನು ನಿಲ್ಲಿಸಿ ವಿಮಾನಗಳನ್ನು ಪಾಠಕ್ಕೆ ಹಚ್ಚಿದರು. ಮನೆಯಲ್ಲಿ ಕಷ್ಟ ಬಂದಾಗ ಮೊದಲು ಯಾವುದನ್ನು ಮಾರುತ್ತೀರೋ ಅದರ ಬೆಲೆ ಎಷ್ಟು ಅಂತ ಅಕ್ಕಪಕ್ಕದವರಿಗೂ ತಿಳಿಯುತ್ತದೆ. ದೇಶ ನಾಲ್ಕು ವರ್ಷ ಸೂರ್ಯಕಿರಣ ಇಲ್ಲದೆ ಇತ್ತು. ಯಾರೂ ದಂಡೆತ್ತಿ ಬರಲಿಲ್ಲ. 2015ರಲ್ಲಿ ಹಾಕ್ ವಿಮಾನಗಳೊಂದಿಗೆ ತಂಡ ಮರಳಿತು. ಅದೂ ತರಬೇತಿ ವಿಮಾನವೇ.

ಹಾಗಾದರೆ ಆ ಹಳೇ ಕಿರಣ್ ಜಾಗಕ್ಕೆ ಬರಬೇಕಿದ್ದ ಹೊಸ ವಿಮಾನ ಎಲ್ಲಿ? ಅದರ ಕಥೆ ಕೇಳಿ. ಹೆಸರು ಎಚ್‌ಜೆಟಿ-36 ಸಿತಾರಾ. 2003ರಲ್ಲಿ ಮೊದಲು ಹಾರಿತು. 2007ರ ಏರೋ ಇಂಡಿಯಾದಲ್ಲಿ ಎಲ್ಲರ ಕಣ್ಣೆದುರೇ ರನ್‌ವೇ ಬಿಟ್ಟು ಪಕ್ಕಕ್ಕೆ ಹೋಯಿತು. ಮುಂದೆ 2011ರಲ್ಲಿ ಒಂದು ಬಿದ್ದೇ ಹೋಯಿತು. 2025ರ ಏರೋ ಇಂಡಿಯಾದಲ್ಲಿ ಕೊನೆಗೂ ಒಂದು ದೊಡ್ಡ ಘೋಷಣೆ ಬಂತು. ವಾಯುಪಡೆಗೆ ಕೊಟ್ಟೇಬಿಟ್ಟರು ಅಂದುಕೊಂಡಿರಾ? ಇಲ್ಲ, ಹೆಸರು ಬದಲಾಯಿಸಿದರು. ಈಗ ಅದು ಯಶಸ್. ಇಪ್ಪತ್ತೆರಡು ವರ್ಷ ಹಾರಿಯೂ ಸಿಗದ ಯಶಸ್ಸು ನಾಮಕರಣದಲ್ಲಿ ಸಿಕ್ಕಿತು. ಜ್ಯೋತಿಷಿಗಳು ಸುಮ್ನೆ ಸಣ್ಣಪುಟ್ಟ ಅಂಗಡಿ ಬೋರ್ಡು ತಿದ್ದಿಸುತ್ತಾ ಕೂತಿದ್ದಾರೆ, ಅವರಿಗೆ ಒಳ್ಳೆ ಕಡೆ ಕೆಲಸ ಇದೆ.

ವಾಯುಪಡೆಗೆ ಮಂಜೂರಾದ ಯುದ್ಧವಿಮಾನ ಸ್ಕ್ವಾಡ್ರನ್, ಅಂದರೆ ತುಕಡಿ, 42. 2025ರ ಸೆಪ್ಟೆಂಬರಿನಲ್ಲಿ ಮಿಗ್-21 ನಿವೃತ್ತಿ ಆದ ಮೇಲೆ ಉಳಿದದ್ದು 29. ಲೆಕ್ಕ ಕೊರತೆ ಬಿದ್ದಾಗ ಮೇಲೆ ನೋಡಿ ಚಪ್ಪಾಳೆ ಹೊಡೆಯುವುದು ನಮಗೆ ಅಭ್ಯಾಸ. 2020ರ ಮೇ 3ರಂದು ನೆನಪಿದೆಯಾ? ಕೊರೊನಾ ಆಸ್ಪತ್ರೆಗಳ ಮೇಲೆ ಹೆಲಿಕಾಪ್ಟರ್‌ನಿಂದ ಹೂ ಸುರಿದರು. ಒಳಗಿದ್ದ ನರ್ಸಮ್ಮನಿಗೆ ಬೇಕಿದ್ದದ್ದು ಒಳ್ಳೆ ಗ್ಲೌಸು, ಮಾಸ್ಕು. ಮೇಲಿಂದ ಅದನ್ನೇ ಹಾಕಿದ್ದರೆ ಇನ್ನೂ ಚೆನ್ನಾಗಿ ಗುರಿ ಮುಟ್ಟುತ್ತಿತ್ತು.

ಚೆನ್ನೈಯದ್ದು ಮಾತ್ರ ನಗುವ ವಿಷಯ ಅಲ್ಲ. 2024ರ ಅಕ್ಟೋಬರ್ 6ರಂದು ಮರೀನಾ ಬೀಚಿನಲ್ಲಿ ವಾಯುಪಡೆ ಶೋ. ಲಕ್ಷಾಂತರ ಜನ. ಬೆಳಗ್ಗೆ 11ರಿಂದ ಮಧ್ಯಾಹ್ನ 1ರವರೆಗೆ, ಉರಿಬಿಸಿಲಲ್ಲಿ. ಮೇಲೆ ವಿಮಾನಕ್ಕೂ ವಿಮಾನಕ್ಕೂ ನಡುವಿನ ಅಂತರ 5 ಮೀಟರ್ ಅಂತ ಅಳೆದು ಹಾರಿಸುವ ದೇಶ, ಕೆಳಗೆ ಕುಡಿಯುವ ನೀರಿನ ಡ್ರಮ್ಮಿಗೂ ಜನರಿಗೂ ನಡುವಿನ ಅಂತರ ಅಳೆಯಲಿಲ್ಲ. ಐದು ಜನ ಸತ್ತರು. ದಾಖಲೆ ಪುಸ್ತಕಕ್ಕೆ ಸೇರುವಷ್ಟು ಜನ ಬಂದಿದ್ದರು ಅಂತ ಹೆಮ್ಮೆ ಬೇರೆ.

ಪೈಲಟ್‌ಗಳ ಬಗ್ಗೆ ಒಂದು ಮಾತು, ಇಲ್ಲಾಂದ್ರೆ ತಪ್ಪು ತಿಳಿದೀರಿ. 2006ರಲ್ಲಿ ಬೀದರ್ ಹತ್ತಿರ ಅಭ್ಯಾಸ ಮಾಡುವಾಗ ಸೂರ್ಯಕಿರಣದ ಇಬ್ಬರು ಹೋದರು. 2019ರ ಫೆಬ್ರವರಿ 19ರಂದು, ಏರೋ ಇಂಡಿಯಾ ಶುರುವಾಗುವ ಹಿಂದಿನ ದಿನ, ಯಲಹಂಕದ ಮೇಲೆ ಎರಡು ಹಾಕ್ ಡಿಕ್ಕಿಯಾಗಿ ಒಬ್ಬರು ಹೋದರು. ಅಷ್ಟು ಪಳಗಿದ ಕೈಗಳನ್ನು ಹಬ್ಬಕ್ಕೆ, ಫೈನಲ್‌ಗೆ, ದಸರಾಕ್ಕೆ ಕರೆಸುವವರು ಅದನ್ನು ಖರ್ಚಿನ ಪಟ್ಟಿಗೆ ಸೇರಿಸುವುದೇ ಇಲ್ಲ. ಬಾಡಿಗೆಗೆ ವಾಲಗ ಕರೆಸಿದಷ್ಟು ಸಲೀಸಾಗಿ ಕರೆಸುತ್ತಾರೆ.

ಕೊನೆಗೆ ಬೀದರ್. ಸೂರ್ಯಕಿರಣದ ಸ್ವಂತ ಊರು ಅದೇ. ಅಲ್ಲಿನವರಿಗೆ ದಿನಾ ಶೋ, ಪುಕ್ಕಟೆ. ಅವರು ಕೇಳುತ್ತಿದ್ದದ್ದು ಒಂದೇ, ಬೆಂಗಳೂರಿಗೆ ಹೋಗಿ ಬರೋಕೆ ಒಂದು ಸಾದಾ ವಿಮಾನ. ಅದು ತಲೆಕೆಳಗಾಗಿ ಹಾರಬೇಕಿಲ್ಲ, ಹೊಗೆ ಬಿಡಬೇಕಿಲ್ಲ, ಹೊತ್ತಿಗೆ ಸರಿಯಾಗಿ ಬಂದರೆ ಸಾಕು. 2020ರಲ್ಲಿ ಶುರುವಾಯಿತು, ನಿಂತಿತು. ಮತ್ತೆ ಶುರುವಾಯಿತು, 2023ರ ಕೊನೆಗೆ ಮತ್ತೆ ನಿಂತಿತು. 2025ರಲ್ಲಿ ಇನ್ನೊಮ್ಮೆ ಶುರು. ಒಂಬತ್ತು ವಿಮಾನ ಒಟ್ಟಿಗೆ ಹಾರುವ ಊರಲ್ಲಿ ಒಂದು ವಿಮಾನ ನೆಟ್ಟಗೆ ಹಾರೋದು ಇಷ್ಟು ಕಷ್ಟ.

ನನ್ನದೊಂದು ಸಲಹೆ ಇದೆ. ಹಾಕ್ ವಿಮಾನದಲ್ಲಿ ಎರಡು ಸೀಟು, ಒಂದರ ಹಿಂದೆ ಒಂದು. ತಂಡ ಹೇಗೂ ಬೀದರ್‌ನಿಂದ ಯಲಹಂಕಕ್ಕೆ ಬರಲೇಬೇಕು. ಹಿಂದಿನ ಒಂಬತ್ತು ಸೀಟನ್ನು ಸಾರ್ವಜನಿಕರಿಗೆ ಬಿಡಿ. ಟಿಕೆಟ್ 1,000 ರೂಪಾಯಿ ಇಡಿ, ಬೇಕಾದರೆ ಕಿಟಕಿ ಸೀಟಿಗೆ ಜಾಸ್ತಿ ತಗೊಳ್ಳಿ, ಎಲ್ಲಾ ಕಿಟಕಿ ಸೀಟೇ. ಖರ್ಚೂ ಹುಟ್ಟುತ್ತದೆ, ಬೀದರ್‌ನವರ ಕೆಲಸವೂ ಆಗುತ್ತದೆ. ಲಗೇಜ್ ಇಲ್ಲ. ಹೊರಡುವ ಮುಂಚೆ ಹೊಟ್ಟೆ ತುಂಬಾ ತಿನ್ನಬೇಡಿ. ಯಲಹಂಕದಲ್ಲಿ ಇಳಿದ ಮೇಲೆ ತಿನ್ನೋಣ ಅಂದುಕೊಂಡಿದ್ದರೆ, ಪುಳಿಯೋಗರೆ ಕಟ್ಟಿಕೊಂಡು ಬನ್ನಿ.