28 ದಿನ ಕಳೆದರೆ ಕಲ್ಲಿದ್ದಲು ಗಣಿಗೆ ತಾನಾಗಿಯೇ ಅನುಮತಿ ಸಿಗುವುದಿಲ್ಲ

"ಅಮೆರಿಕದಲ್ಲಿ ಇನ್ನು 28 ದಿನದೊಳಗೆ ಸರ್ಕಾರ ಏನೂ ಹೇಳದಿದ್ದರೆ ತೆರೆದ ಕಲ್ಲಿದ್ದಲು ಗಣಿಗೆ ಅನುಮತಿ ಸಿಕ್ಕಂತೆ" ಎಂಬ ಸಂದೇಶ ಓಡಾಡುತ್ತಿದೆ. ಇದು ತಪ್ಪು.

28 ದಿನ ಅನ್ನೋದು ಸುಮ್ನೆ ಹುಟ್ಟಿದ ಸಂಖ್ಯೆಯಲ್ಲ. 2025ರ ಏಪ್ರಿಲ್‌ನಲ್ಲಿ ಅಲ್ಲಿನ ಆಂತರಿಕ ಇಲಾಖೆ (ಕೇಂದ್ರ ಸರ್ಕಾರದ ಜಮೀನು, ಖನಿಜ ನೋಡಿಕೊಳ್ಳುವ ಇಲಾಖೆ) ಕಲ್ಲಿದ್ದಲು ಸೇರಿದಂತೆ ಇಂಧನ ಯೋಜನೆಗಳಿಗೆ ತುರ್ತು ವಿಧಾನ ಪ್ರಕಟಿಸಿತು. ಚಿಕ್ಕ ಪರಿಸರ ವರದಿಗೆ ಸುಮಾರು 14 ದಿನ, ದೊಡ್ಡದಕ್ಕೆ ಸುಮಾರು 28 ದಿನ. ಆದರೆ ಇದು ವರದಿ ಮುಗಿಸಲು ಇಲಾಖೆ ತನಗೇ ಹಾಕಿಕೊಂಡ ಗಡುವು, ಗಣಿ ಪರ್ಮಿಟ್ಟಿನ ಗಡುವಲ್ಲ.

ಪರ್ಮಿಟ್ಟು ಬರುವುದು 1977ರ ಮೇಲ್ಮೈ ಗಣಿಗಾರಿಕೆ (ತೆರೆದ ಗಣಿ) ಕಾನೂನಿನಿಂದ. ಗಣಿ ಇರುವ ಬಹಳಷ್ಟು ರಾಜ್ಯಗಳಲ್ಲಿ ಇದನ್ನು ರಾಜ್ಯದ ಕಚೇರಿಯೇ ನಡೆಸುತ್ತದೆ. ಕಂಪನಿ ಸ್ಥಳೀಯ ಪತ್ರಿಕೆಯಲ್ಲಿ ವಾರಕ್ಕೊಮ್ಮೆಯಂತೆ 4 ವಾರ ಜಾಹೀರಾತು ಕೊಡಬೇಕು, ಕೊನೆಯ ಜಾಹೀರಾತಿನ ನಂತರ 30 ದಿನ ಜನ ಆಕ್ಷೇಪ ಬರೆದುಕೊಡಬಹುದು, ಅಂದರೆ ಇದಕ್ಕೇ 28 ದಿನಕ್ಕಿಂತ ಜಾಸ್ತಿ ಬೇಕು, ಅಲ್ವಾ? ಯಾರಾದರೂ ಕೇಳಿ ಅಹವಾಲು ಸಭೆ ನಡೆದರೆ, ಅದಾದ 60 ದಿನದೊಳಗೆ ತೀರ್ಮಾನ ಬರಬೇಕು. ಸಭೆಯೇ ಇಲ್ಲದಿದ್ದರೆ ಕಾನೂನು ಹೇಳುವುದು "ಸಮಂಜಸ ಅವಧಿ" ಎಂದಷ್ಟೇ.

ಮುಖ್ಯವಾದದ್ದು ಇನ್ನೊಂದಿದೆ. ಅರ್ಜಿ ಪೂರ್ತಿಯಾಗಿದೆ, ನೆಲವನ್ನು ಮತ್ತೆ ಸರಿಪಡಿಸಲು ಆಗುತ್ತದೆ ಎಂದು ಲಿಖಿತವಾಗಿ ಕಂಡುಕೊಳ್ಳದೆ ಅಧಿಕಾರಿ ಪರ್ಮಿಟ್ಟು ಕೊಡುವಂತಿಲ್ಲ. ಅದನ್ನು ತೋರಿಸುವ ಹೊಣೆ ಕಂಪನಿಯದು. ಸುಮ್ಮನಿದ್ದರೆ ಒಪ್ಪಿಗೆ ಎಂಬ ಮಾತು ಅಲ್ಲಿಲ್ಲ.

ನನ್ನ ಕಳಕಳಿ ಗಣಿಯ ಪಕ್ಕದಲ್ಲಿ ಬಾವಿ ಇರುವವರ ಬಗ್ಗೆ. ಎಲ್ಲ ಮುಗಿದೇ ಹೋಯಿತು ಎಂದು ನಂಬಿದರೆ ಅವರು ಆ 30 ದಿನವನ್ನು ಕಳೆದುಕೊಳ್ಳುತ್ತಾರೆ. ಅಲ್ಲಿರುವ ನಿಮ್ಮವರಿಗೆ ಆ 28 ದಿನದ ಸಂದೇಶ ಕಳಿಸಿದ್ದರೆ, ದಯವಿಟ್ಟು ಇದನ್ನೂ ಕಳಿಸಿ.