ಸೋಫಾಗೆ ಸೆಖೆ, ನಮಗೆ ಚಳಿ

ರೇಡಿಯೇಟರ್ ಅಂದ್ರೆ ಕಾರಿನ ಬಾನೆಟ್ ಎತ್ತಿದಾಗ ಕಾಣೋದು ಅಂತಷ್ಟೇ ತಿಳ್ಕೊಂಡಿದ್ದವನು ನಾನು. ಮನೆ ಒಳಗೂ ಅದೇ ಹೆಸರಿನ ಬಿಳಿ ತಗಡಿನ ಪೆಟ್ಟಿಗೆ ಇರತ್ತೆ, ಅದರೊಳಗೆ ಬಿಸಿನೀರು ಓಡಾಡತ್ತೆ, ಚಳಿಗಾಲ ಕಳಿಬೇಕಾದ್ರೆ ಅದೇ ಗತಿ ಅಂತ ಗೊತ್ತಾಗಿದ್ದು ಈ ಮನೆಗೆ ಬಂದ್ಮೇಲೆ.

ಬಂದ ದಿನಾನೇ ನನಗೆ ಒಂದು ತಪ್ಪು ಕಾಣಿಸ್ತು. ಎಲ್ಲಾ ರೂಮಲ್ಲೂ ರೇಡಿಯೇಟರ್ ಕಿಟಕಿ ಕೆಳಗೇ ಇದೆ! ಅಲ್ಲಾ, ಮನೇಲಿ ಎಲ್ಲಕ್ಕಿಂತ ತಣ್ಣಗಿರೋ ಜಾಗ ಕಿಟಕಿ, ಅಲ್ಲೇ ತಗೊಂಡೋಗಿ ಇಟ್ರೆ ಬಿಸಿ ಎಲ್ಲಾ ಹೊರಗೆ ಹೋಗಲ್ವಾ, ಕಟ್ಟಿದವನಿಗೆ ಇಷ್ಟೂ ಬುದ್ಧಿ ಬೇಡ್ವಾ ಅಂತ ಹೆಂಡ್ತಿ ಮುಂದೆ ಅರ್ಧ ಗಂಟೆ ಭಾಷಣ ಬಿಗಿದೆ. ಅವಳು ಪಾತ್ರೆ ಡಬ್ಬ ಬಿಚ್ತಾ "ಹೂಂ" ಅಂದ್ಲು. ಆ ಹೂಂ ನನಗೆ ಒಪ್ಪಿಗೆ ಥರ ಕೇಳಿಸ್ತು.

ಪೈಪ್ ಕಿತ್ತು ಬೇರೆ ಗೋಡೆಗೆ ಹಾಕ್ಸೋದು ನಮ್ಮ ಕೈಲಾಗೋ ಮಾತಲ್ಲ, ಸರಿ, ಕಾಣದ ಹಾಗಾದ್ರೂ ಮಾಡೋಣ ಅಂತ ಮೂರು ಸೀಟಿನ ಸೋಫಾನ ಅದರ ಮುಂದಕ್ಕೆ ತಳ್ಳಿ, ಕಿಟಕಿಗೆ ನೆಲ ಮುಟ್ಟೋ ಕರ್ಟನ್ ಬಿಟ್ಟೆ. ನೋಡೋಕೆ ಭಾರೀ ಚೆನ್ನಾಗಿತ್ತು. ಸಂಜೆ ಏಳಕ್ಕೆ ಮಗಳು ಸ್ವೆಟರ್ ಮೇಲೆ ಸ್ವೆಟರ್ ಹಾಕ್ಕೊಂಡು ಬಂದು ಕೂತ್ಲು. ಸೋಫಾದ ಬೆನ್ನು ಮಾತ್ರ ಇಸ್ತ್ರಿಪೆಟ್ಟಿಗೆ ಥರ ಕಾಯ್ತಿತ್ತು.

"ರೀ, ಸೋಫಾಗೆ ಜ್ವರ ಬಂದಿದೆ, ನಮಗೆ ಚಳಿ ಹಿಡಿದಿದೆ, ಇದ್ಯಾವ ಸೀಮೆ ಕಾಯಿಲೆ?" ಅಂದ್ಲು ಹೆಂಡ್ತಿ.

ನಾನು ಕೂಡ್ಲೇ ಕರ್ಟನ್ ಒಳಗೆ ಕೈ ಹಾಕಿ ರೇಡಿಯೇಟರಿಗೆ ಬಿಸಿನೀರು ಬಿಡೋ ವಾಲ್ವಿನ ನಂಬರ್ ತಿರುಪನ್ನ 3ರಿಂದ 5ಕ್ಕೆ ತಿರುಗಿಸ್ದೆ. 5ಕ್ಕಿಟ್ರೆ ಬೇಗ ಕಾಯತ್ತೆ ಅಂತ ನನ್ನ ಲೆಕ್ಕ. ಹಾಗೇನಿಲ್ವಂತೆ, ಅದು ಎಷ್ಟು ಬಿಸಿಯಾದ್ಮೇಲೆ ನಿಲ್ಸಬೇಕು ಅಂತ ಹೇಳೋ ನಂಬರ್ ಅಷ್ಟೇ, 3 ಅಂದ್ರೆ ಸುಮಾರು 20 ಡಿಗ್ರಿ. ಅದಕ್ಕಿಂತ ದೊಡ್ಡ ತಮಾಷೆ ಏನಂದ್ರೆ ಆ ತಿರುಪು ತನ್ನ ಸುತ್ತಲಿನ ಗಾಳಿ ನೋಡ್ಕೊಂಡು ತಾನೇ ಮುಚ್ಕೊಳ್ಳೋ ಜಾತಿ. ಕರ್ಟನ್ನಿನ ಹಿಂದೆ ಬಿಸಿಗಾಳಿ ಸಿಕ್ಕಾಕ್ಕೊಂಡಿತ್ತಲ್ಲ, ಪಾಪ ಅದು ರೂಮೆಲ್ಲಾ ಕಾದಿದೆ ಅಂತ ನಂಬಿ ನೀರು ಬಂದ್ ಮಾಡ್ಕೊಂಡು ಆರಾಮಾಗಿ ಕೂತಿತ್ತು.

ಇದೆಲ್ಲಾ ಹೇಳಿದ್ದು ಮೂರನೇ ದಿನ ಬಂದ ಪ್ಲಂಬರ್. ಸೋಫಾ ನೋಡಿ ಅವರು ನಕ್ಕಿದ್ದು ನಾನು ಮರೆಯಲ್ಲ. ಕಿಟಕಿ ಗಾಜಿಗೆ ತಾಗಿದ ಗಾಳಿ ತಣ್ಣಗಾಗಿ, ಭಾರ ಆಗಿ ಕೆಳಗೆ ಜಾರತ್ತೆ, ಹಾಗೇ ನೆಲದ ಮೇಲೆ ಹರ್ಕೊಂಡು ಬಂದು ಕಾಲಿಗೆ ಸುತ್ಕೊಳ್ಳತ್ತೆ, ಕೆಳಗಿಂದ ಬಿಸಿಗಾಳಿ ಎದ್ರೆ ಅದನ್ನ ಅಲ್ಲೇ ತಡೆಯತ್ತೆ, ಅದಕ್ಕೇ ಸಾರ್ ಕಿಟಕಿ ಕೆಳಗೆ ಇಡೋದು ಅಂದ್ರು. ಎರಡು ಪದರದ ಒಳ್ಳೇ ಗಾಜಿದ್ರೆ ಒಳಗಿನ ಗೋಡೆಗಿಟ್ರೂ ನಡೆಯತ್ತಂತೆ. ನಮ್ಮದು ಒಂದೇ ಪದರ. ಹೆಂಡ್ತಿ ಬಾಗ್ಲಲ್ಲಿ ನಿಂತು ಮತ್ತೆ "ಹೂಂ" ಅಂದ್ಲು, ಈ ಸಲದ ಅರ್ಥ ನನಗೆ ಸರಿಯಾಗೇ ಆಯ್ತು.

ಹೋಗುವಾಗ ಅವರು, ರೇಡಿಯೇಟರಿನ ಮೇಲ್ಭಾಗ ತಣ್ಣಗಿದ್ದು ಕೆಳಗೆ ಬಿಸಿ ಇದ್ರೆ ಒಳಗೆ ಗಾಳಿ ಸೇರಿದೆ ಅಂತ, ನೀರು ಕಾಯ್ಸೋ ಬಾಯ್ಲರ್ ಆಫ್ ಮಾಡಿ, ಆರಿದ್ಮೇಲೆ ಗಾಳಿ ಬಿಡೋ ತಿರುಪನ್ನ ಅದರ ಕೀಲಿಯಿಂದ ಒಂಚೂರು ಸಡಿಲ ಮಾಡಿ, ಬಟ್ಟೆ ಹಿಡ್ಕೊಳ್ಳಿ, ನೀರು ಬರ್ತಿದ್ದ ಹಾಗೆ ಮುಚ್ಚಿಬಿಡಿ ಅಂದಿದ್ರು. ನನಗೆ ಕೀಲಿ ಅನ್ನೋವರೆಗೆ ನೆನಪಿತ್ತು, ಬಟ್ಟೆ ಮರೆತೆ. ಬೆಡ್‌ರೂಮಿನದನ್ನ ಉತ್ಸಾಹದಲ್ಲಿ ಎರಡು ಸುತ್ತು ತಿರುಗಿಸಿದ್ದಕ್ಕೆ ಮೊದಲು ಹಾವಿನ ಥರ ಬುಸ್ ಅಂತು, ಆಮೇಲೆ ವರ್ಷಗಟ್ಟಲೆ ಒಳಗೇ ಕೊಳೆತಿದ್ದ ಕಪ್ಪು ನೀರು ಚಿಮ್ಮಿ ಗೋಡೆ, ಹಾಸಿಗೆ, ನನ್ನ ಬನಿಯನ್ನು ಎಲ್ಲಕ್ಕೂ ಅಭಿಷೇಕ. ಮುಚ್ಚೋಣ ಅಂದ್ರೆ ಕೀಲಿ ಕೈಯಿಂದ ಜಾರಿ ರೇಡಿಯೇಟರ್ ಹಿಂದಿನ ಸಂದಿಗೆ ಬಿತ್ತು. ಹೆಬ್ಬೆರಳು ಒತ್ಕೊಂಡು "ಲೇ, ಬಾರೇ ಇಲ್ಲಿ!" ಅಂತ ಕೂಗ್ತಾ ಕೂತೆ. ನೀರು ಅಷ್ಟು ಹೋಗಿದ್ದಕ್ಕೆ ಬಾಯ್ಲರಿನ ನೀರಿನ ಒತ್ತಡ ತೋರಿಸೋ ಪ್ರೆಶರ್ ಮುಳ್ಳು 1 ಬಾರ್‌ಗಿಂತ ಎಷ್ಟೋ ಕೆಳಗಿಳಿದು, ಬಾಯ್ಲರ್ ನಾನಿನ್ನು ಹತ್ತಲ್ಲ ಅಂತ ಮುಷ್ಕರ ಹೂಡ್ತು, ಆ ರಾತ್ರಿ ಇಡೀ ಮನೆಗೆ ಸಮಾನವಾಗಿ ಚಳಿ.

ಈಗ ಸೋಫಾ ರೂಮಿನ ನಟ್ಟನಡುವೆ ಅನಾಥವಾಗಿ ನಿಂತಿದೆ, ಬಂದವರೆಲ್ಲಾ ಮೊಣಕಾಲು ತಗುಲಿಸ್ಕೊಂಡೇ ಒಳಗೆ ಬರ್ತಾರೆ. ಕರ್ಟನ್ ಕತ್ತರಿಸಿ ಮೊಟಕು ಮಾಡಿದ್ವಿ, ಕಿಟಕಿ ಹಲಗೆ ಮಟ್ಟಕ್ಕೆ ನಿಲ್ಲತ್ತೆ, ಒಂದು ಕಡೆ ಎರಡಿಂಚು ಏರಿದೆ, ಅದೂ ನನ್ನದೇ ಕೈಚಳಕ. ರೂಮು ಮಾತ್ರ ನಿಜವಾಗ್ಲೂ ಬೆಚ್ಚಗಾಯ್ತು, ನಾಲ್ಕು ದಿನ. ಐದನೇ ದಿನ ಆಫೀಸಿಂದ ಬಂದು ನೋಡಿದ್ರೆ ರೇಡಿಯೇಟರ್ ಮತ್ತೆ ಕಾಣ್ತಾನೇ ಇಲ್ಲ. ಎರಡು ಟವಲ್ಲು, ಮಗಳ ಯೂನಿಫಾರ್ಮು, ಏಳು ಸಾಕ್ಸು ಅದರ ಮೇಲೆ ಸಾಲಾಗಿ ಬಿದ್ಕೊಂಡಿದ್ವು. ಕಿಟಕಿ ಗಾಜಿನ ಮೇಲೆ ಬೆವರು.

"ಬಟ್ಟೆ ಹಾಕಿದ್ರೆ ಬಿಸಿ ಎಲ್ಲಾ ಬಟ್ಟೆಗೇ ಹೋಗತ್ತೆ ಕಣೇ, ಒದ್ದೆ ಗಾಳಿಗೆ ಗೋಡೆ ಬೂಸ್ಟು ಹಿಡಿಯತ್ತೆ" ಅಂತ ಶುರು ಮಾಡ್ದೆ.

"ಸೋಫಾ ಇಟ್ಟವರು ಯಾರ್ರೀ?" ಅಂದ್ಲು. ನಾನು ಎಂಟನೇ ಸಾಕ್ಸ್ ಹುಡುಕೋಕೆ ಹೋದೆ.